ಬಂದವರೇ ಅಳೆಯಬೇಕು

ಕೆಮ್ಮಣ್ಣು ಎಂಬ ಊರಿನ ಹೊಳೆಬದಿಯಲ್ಲಿ ಅಕ್ಕಪಕ್ಕ ಎರಡು ಮನೆಗಳುಂಟು. ಹಳೆಯದು ಎಡ್ವಿನ್ ಮತ್ತು ಅವನ ಹೆಂಡತಿ ಇಮೆಲ್ಡಾಳದು. ಹೊಸದು ಎಡ್ವಿನನ ಅಕ್ಕ ವೆರೊನಿಕಾಳದು. ಒಂದು ಮನೆಯಲ್ಲಿ ಮೀನು ಹುರಿದರೆ ಯಾವ ಮೀನೆಂದು ಇನ್ನೊಂದು ಮನೆಗೆ ತಿಳಿಯುತ್ತದೆ. ಒಂದು ಮನೆಯ ಸಂಜೆಯ ಜಪಮಾಲೆ ಇನ್ನೊಂದು ಮನೆಯ ಜಗಲಿಯವರೆಗೆ ಕೇಳಿಸುತ್ತದೆ. ಎರಡೂ ಪ್ರಾರ್ಥನೆಗಳನ್ನು ದೇವರು ಒಟ್ಟಿಗೇ ಕೇಳಿಸಿಕೊಳ್ಳುತ್ತಿದ್ದಿರಬೇಕು. ಆದರೆ ಆ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಇಗರ್ಜಿಯಲ್ಲಿ ಪಾದ್ರಿಗಳು ‘ಪರಸ್ಪರ ಶಾಂತಿ ಕೋರಿರಿ’ ಎಂದಾಗ ಇಮೆಲ್ಡಾ ಎಡಕ್ಕೊಮ್ಮೆ, ಬಲಕ್ಕೊಮ್ಮೆ, ಮುಂದಕ್ಕೊಮ್ಮೆ ಕೈಮುಗಿಯುವಳು. ಹಿಂದಕ್ಕೆ ಮಾತ್ರ ತಿರುಗಳು. ಹಿಂದಿನ ಬೆಂಚಿನಲ್ಲಿ ವೆರೊನಿಕಾ ಇರುತ್ತಿದ್ದಳು.

ಎರಡು ಮನೆಗಳ ನಡುವೆ ಹೊಳೆಯವರೆಗೆ ಚಾಚಿದ ಉದ್ದನೆಯ ಜಾಗ. ಅದರ ತುದಿಯಲ್ಲಿ, ನೀರಿನಂಚಿಗೆ, ಸುಣ್ಣ ಬಳಿದ ಹಳೆಯ ಶಿಲುಬೆ. ಎಡ್ವಿನ್ ಸಣ್ಣವನಿದ್ದಾಗ ಇಳಿತದ ಹೊತ್ತಿನಲ್ಲಿ ಮರುವಾಯಿ ಚಿಪ್ಪುಮೀನು ಹೆಕ್ಕಲು ಹೋಗಿ ಸೆಳೆತಕ್ಕೆ ಸಿಕ್ಕಿ, ಕೊನೆಗೆ ಆ ಶಿಲುಬೆಯ ಬುಡದಲ್ಲೇ ಜೀವಸಹಿತ ದಡ ಸೇರಿದ್ದನಂತೆ. ಅಂದಿನಿಂದ ಅವನ ತಾಯಿ ಪ್ರತಿ ಮುಸ್ಸಂಜೆ ಅಲ್ಲಿ ಮೇಣದ ಬತ್ತಿ ಹಚ್ಚುವ ಹರಕೆ ಹೊತ್ತರು. ಹಾಸಿಗೆ ಹಿಡಿದ ಮೇಲೆ ಆ ಹರಕೆಯನ್ನು ಸೊಸೆಗೆ ವಹಿಸಿದರು. “ಇಮೆಲ್ಡಾ, ನಾನು ಹೋದ ಮೇಲೂ ಅಲ್ಲಿ ಕತ್ತಲಾಗಬಾರದು” ಎಂದು ಕೈಹಿಡಿದು ಹೇಳಿದ ಮಾತು ಇಮೆಲ್ಡಾಳ ಎದೆಯಲ್ಲಿ ಆಣೆಯಂತೆ ಕೂತಿತ್ತು. ಮಳೆ ಬರಲಿ, ಜ್ವರ ಬರಲಿ, ಅವಳು ಬತ್ತಿ ಹಚ್ಚದ ಸಂಜೆಯಿಲ್ಲ.

ಆಸ್ತಿಯ ಪಾಲಿನಲ್ಲಿ ಆ ನಡುವಿನ ಜಾಗ ವೆರೊನಿಕಾಳಿಗೆ ಹೋಯಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ. ಯಾರ ಹೆಸರಿನಲ್ಲಿದ್ದರೇನು, ನಡೆಯುವ ದಾರಿ ದಾರಿಯೇ ಅಲ್ಲವೇ ಎಂದುಕೊಂಡರು. ಆಗ ವೆರೊನಿಕಾ ಊರಿನಲ್ಲೇ ಇರಲಿಲ್ಲ. ಇಟಲಿಯ ಗುಡ್ಡದ ಮೇಲಿನ ಮೊಂತೆಲೂನೊ ಎಂಬ ಪುಟ್ಟ ಊರಿನಲ್ಲಿ ಮುದುಕರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಆಯುಷ್ಯದ ಒಳ್ಳೆಯ ಭಾಗವನ್ನು ಅಲ್ಲೇ ಕಳೆದು, ತಲೆ ನರೆತ ಮೇಲೆ ವಾಪಸು ಬಂದಳು. ಬರುವಾಗ ಎಲ್ಲರೂ ತರುವ ಚಾಕಲೇಟು, ಸೆಂಟಿನ ಜೊತೆಗೆ ಕಬ್ಬಿಣದಷ್ಟು ಭಾರದ ಎಂಟು ಗುಂಡುಗಳನ್ನೂ ತಂದಳು. ವಿಮಾನ ನಿಲ್ದಾಣದಲ್ಲಿ ಅವುಗಳನ್ನು ನೋಡಿದವನು, “ಎಂತ ಮೇಡಂ, ಫಿರಂಗಿ ಉಂಟಾ ಮನೆಯಲ್ಲಿ?” ಎಂದು ಕೇಳಿದ್ದನಂತೆ.

ಫಿರಂಗಿಯಲ್ಲ, ಅದು ಬೊಚ್ಚೆ ಎಂಬ ಆಟದ ಸಾಮಾನು. ಮೊದಲು ಒಂದು ಮರಿಗುಂಡನ್ನು ಉರುಳಿಸಿ ಬಿಡುವುದು. ಆಮೇಲೆ ಇಬ್ಬರೂ ಸರದಿಯಂತೆ ದೊಡ್ಡ ಗುಂಡುಗಳನ್ನು ಅದರ ಹತ್ತಿರಕ್ಕೆ ಉರುಳಿಸುವುದು. ಯಾರ ಗುಂಡು ಮರಿಗುಂಡಿಗೆ ಹೆಚ್ಚು ಹತ್ತಿರವೋ ಅವರು ಗೆದ್ದರು, ಅಷ್ಟೇ. ಬಂದ ವರ್ಷವೇ ವೆರೊನಿಕಾ ನಡುವಿನ ಜಾಗವನ್ನು ಸಮತಟ್ಟು ಮಾಡಿಸಿ, ಮರಳು ಹಾಸಿ, ಮರುವಾಯಿ ಚಿಪ್ಪಿನ ಪುಡಿ ಹೊಡೆಸಿ, ಸುತ್ತ ತೆಂಗಿನ ಹಲಗೆ ನಿಲ್ಲಿಸಿದಳು. ಕೋಳಿಗಳೂ ಕಾಲುಗಳೂ ಬಾರದ ಹಾಗೆ ಹಲಗೆಯ ಹೊರಗೆ ಎರಡೂ ಬೇಲಿಯವರೆಗೆ ಬಲೆ ಎಳೆಸಿದಳು. ಶಿಲುಬೆಯ ದಾರಿ ಅದರೊಳಗೆ ಮುಳುಗಿ ಹೋಯಿತು.

ಕೇಳಲು ಹೋದ ಎಡ್ವಿನ್ ಪೆಚ್ಚು ಮುಖ ಮಾಡಿಕೊಂಡು ವಾಪಸು ಬಂದ. “ಮೆಟ್ಟಿದರೆ ನೆಲ ಹಾಳಾಗುತ್ತದಂತೆ. ಇಟಲಿಯಲ್ಲಿ ಪಾದ್ರಿಗಳು ಕೂಡ ಚಪ್ಪಲಿ ಹಾಕಿಕೊಂಡು ಅಂಗಳಕ್ಕೆ ಇಳಿಯುವುದಿಲ್ಲವಂತೆ.”

“ಹಾಗಾದರೆ ನಾನು ಹಾರಿಕೊಂಡು ಹೋಗಲಿಕ್ಕಾ?”

“ಟಾರು ರಸ್ತೆ ಉಂಟಲ್ಲ ಮಾರಾಯ್ತಿ. ಸ್ವಲ್ಪ ಸುತ್ತು.”

ಸ್ವಲ್ಪ ಸುತ್ತಲ್ಲ. ಬಶೀರಾಕನ ಅಂಗಡಿಯ ಎದುರು ಹಾದು, ಸೇತುವೆಯವರೆಗೆ ಹೋಗಿ, ಹೊಳೆಯ ದಂಡೆಯ ಕಲ್ಲುಗಳ ಮೇಲೆ ಹಿಂದಕ್ಕೆ ಬರಬೇಕು. ಇಮೆಲ್ಡಾಳ ಮಂಡಿಚಿಪ್ಪು ಸವೆದಿದೆ ಎಂದು ಮಣಿಪಾಲದ ಡಾಕ್ಟರು ಹೇಳಿ ಆಗಿತ್ತು. ಆದರೂ ಅವಳು ನಡೆದಳು. ಹೋಗುವಾಗ ಜಪ, ಬರುವಾಗ ಶಾಪ. ದೇವರು ಎರಡನ್ನೂ ಕೇಳಿದ.

ಇತ್ತ ಆ ಅಂಗಳ ಊರಿನದೇ ಆಗತೊಡಗಿತು. ಭಾನುವಾರ ಪೂಜೆ ಬಿಟ್ಟ ಕೂಡಲೇ ವಾಲಿಬಾಲಿನಿಂದ ನಿವೃತ್ತರಾದವರು, ಸ್ವಸಹಾಯ ಸಂಘದ ಹೆಂಗಸರು, ಸೋಡಾದ ಕ್ರೇಟು ಹೊತ್ತ ಬಶೀರಾಕ, ಇಗರ್ಜಿಯ ವಾರ್ಡಿಗೆ ಮುಖ್ಯಸ್ಥನಾದ ಗುರ್ಕಾರ ಸ್ಟ್ಯಾನಿಸ್ಲಾಸ್, ಎಲ್ಲರೂ ಸೇರುವರು, ಆಟ ಸಂಜೆಯವರೆಗೂ ನಡೆಯುವುದು. ‘ಮೊಂತೆಲೂನೊ ಕಪ್’ ಎಂಬ ಬ್ಯಾನರ್ ಕೂಡ ಬಂತು. ವೆರೊನಿಕಾ ನಡುವೆ ನಿಂತು ಆ ಊರಿನ ಕಥೆ ಹೇಳುವಳು. ಒಂದು ಇಗರ್ಜಿ, ಒಂದು ಬೇಕರಿ, ಒಂದು ಪಂಚಾಯತು, ಒಂದು ಬೊಚ್ಚೆ ಅಂಗಳ, ಅಷ್ಟೇ ಇರುವ ಊರು. ಗುಡ್ಡದ ಕೆಳಗಿನ ಊರಿನೆದುರು ಸೋತ ವಾರ ಬೇಕರಿಯವನು ಬಾಗಿಲೇ ತೆರೆಯುವುದಿಲ್ಲವಂತೆ, ಊರಿಡೀ ಹಳಸಿದ ಬ್ರೆಡ್ಡು ತಿನ್ನುತ್ತದಂತೆ. ಜನ ನಗುವರು. ಬೇಲಿಯ ಈಚೆ ಬಟ್ಟೆ ಒಣಗಿಸುತ್ತಿದ್ದ ಇಮೆಲ್ಡಾಳಿಗೆ ‘ನಮ್ಮ ಮೊಂತೆಲೂನೊದಲ್ಲಿ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಿಂಡಿದ ಬಟ್ಟೆಯನ್ನೇ ಮತ್ತೆ ಹಿಂಡುವಳು.

ಯಾಕೆಂದರೆ ಆ ಮಾತನ್ನು ಅವಳು ಮೊದಲು ಕೇಳಿದ್ದು ಅತ್ತೆಯ ಶವಪೆಟ್ಟಿಗೆಯ ಎದುರು.

ಅತ್ತೆಯನ್ನು ಇಮೆಲ್ಡಾ ಮಾಂಯ್ ಎಂದೇ ಕರೆಯುತ್ತಿದ್ದಳು, ಗಂಡನ ಅಕ್ಕನನ್ನು ಬಾಯಿ, ಅಂದರೆ ಅಕ್ಕ, ಎಂದು. ಮಾಂಯ್ ವರ್ಷಗಟ್ಟಲೆ ಮಲಗಿದಲ್ಲೇ ಇದ್ದರು. ಎಡ್ವಿನ್ ಆಗ ಮಸ್ಕತ್ತಿನಲ್ಲಿ. ತಿನ್ನಿಸಿದ್ದು, ತೊಳೆದದ್ದು, ಮಗ್ಗುಲು ತಿರುಗಿಸಿದ್ದು ಎಲ್ಲ ಇಮೆಲ್ಡಾ ಒಬ್ಬಳೇ. ಮಾಂಯ್ ಎಡಮಗ್ಗುಲಿಗೆ ಮಾತ್ರ ಮಲಗುವರು. ಆ ಮಗ್ಗುಲಿಗೆ ಮಲಗಿದರೆ ಕಿಟಕಿಯಿಂದ ಗೇಟು ಕಾಣುತ್ತಿತ್ತು. ಇಮೆಲ್ಡಾ ಬಲಕ್ಕೆ ತಿರುಗಿಸಿ, ದಿಂಬು ಕೊಟ್ಟು, ಗಂಜಿ ನೋಡಿ ಬರುವಷ್ಟರಲ್ಲಿ ಮುದುಕಿ ಮಂಚದ ಸರಳು ಹಿಡಿದು ಮತ್ತೆ ಎಡಕ್ಕೆ. “ವೆರೊನಿಕಾ ಬರುವುದು ಕಾಣಬೇಕಲ್ಲ” ಎನ್ನುವರು. ಸೊಂಟದ ಹತ್ತಿರ ಹುಣ್ಣಾಯಿತು. ಮಾಗಿತು. ಮತ್ತೆ ಆಯಿತು.

ವೆರೊನಿಕಾ ಬಂದಿಳಿದದ್ದು ಇಗರ್ಜಿಯಲ್ಲಿ ಪೆಟ್ಟಿಗೆ ಮುಚ್ಚುವ ಹೊತ್ತಿಗೆ. ಶವ ಮೀಯಿಸಿದ ಹೆಂಗಸರ ಬಾಯಿಂದ ಹುಣ್ಣಿನ ಸುದ್ದಿ ಕೇಳಿದವಳು ನೆರೆದವರ ಮುಂದೆಯೇ ಅಂದಳು: “ನಮ್ಮ ಮೊಂತೆಲೂನೊದಲ್ಲಿ ಎಷ್ಟು ಜನರನ್ನು ನೋಡಿದೆ. ನನ್ನ ಕೈಯಲ್ಲಿ ಒಬ್ಬರಿಗೂ ಹಾಸಿಗೆಹುಣ್ಣು ಆದದ್ದಿಲ್ಲ. ನನ್ನ ತಾಯಿಗೆ ಆಯಿತು ನೋಡಿ.”

ಕಿಟಕಿಯ ವಿಷಯವನ್ನು ಇಮೆಲ್ಡಾ ಅಂದು ಹೇಳಲಿಲ್ಲ. ಆಮೇಲೂ ಹೇಳಲಿಲ್ಲ. ಹೇಳಿದರೆ ನಂಬುವವರಾರು? ತಪ್ಪಿಸಿಕೊಳ್ಳಲು ಸತ್ತವರನ್ನು ಅಡ್ಡ ತಂದಳು ಎನ್ನುತ್ತಿದ್ದರು. ಆ ಕೋಣೆಯಲ್ಲಿ ನಡೆದದ್ದಕ್ಕೆ ಗೋಡೆಯ ಮೇಲಿನ ಶಿಲುಬೆಯೊಂದೇ ಸಾಕ್ಷಿ.

ಒಂದು ಭಾನುವಾರ ಸಂಜೆ ಹೊಳೆದಂಡೆಯ ಕಲ್ಲಿನ ಮೇಲೆ ಇಮೆಲ್ಡಾಳ ಕಾಲು ಜಾರಿತು. ಅಂಗೈ ತರಚಿತು, ಬತ್ತಿ ಎರಡು ತುಂಡಾಯಿತು. ಎದ್ದವಳು ಶಿಲುಬೆಯ ಕಡೆಗೆ ಹೋಗದೆ ನೇರ ಮನೆಗೆ ಬಂದು, ಹೊಸ ಬತ್ತಿ ತೆಗೆದುಕೊಂಡು, ಆಟ ನಡೆಯುತ್ತಿದ್ದ ಅಂಗಳದ ಬಲೆಯನ್ನು ಎತ್ತಿ ಒಳಗೆ ಕಾಲಿಟ್ಟಳು. ನುಣ್ಣನೆಯ ಚಿಪ್ಪಿನ ಪುಡಿಯ ಮೇಲೆ ಚಪ್ಪಲಿಯ ಅಚ್ಚು ಮೂಡಿತು.

“ನಿಲ್ಲು ಅಲ್ಲೇ!” ಎಂದು ವೆರೊನಿಕಾ ಕೂಗಿದಳು. “ಎಲ್ಲಿಗೆ?”

“ಶಿಲುಬೆಗೆ, ಬಾಯಿ. ನಿಮ್ಮ ತಾಯಿ ಹೊತ್ತ ಹರಕೆಗೆ. ನಿಮಗೆ ನೆನಪಿರಲಿಕ್ಕಿಲ್ಲ, ದೂರದಲ್ಲಿದ್ದಿರಿ.”

“ತಾಯಿಯ ಹೆಸರು ನೀನು ಎತ್ತಬೇಡ. ಬತ್ತಿ ಹಚ್ಚುವ ಕೈಗೆ ಮಲಗಿದವರ ಮಗ್ಗುಲು ತಿರುಗಿಸಲಿಕ್ಕೆ ಬರಲಿಲ್ಲ ಅಲ್ವಾ?”

ಸೋಡಾ ಕುಡಿಯುತ್ತಿದ್ದವರು ಬಾಟಲಿ ಕೆಳಗಿಟ್ಟರು. ಬಶೀರಾಕ ವಾತಾವರಣ ತಣಿಸಲು ವೆರೊನಿಕಾಳಿಗೆ, “ಬಾಯಮ್ಮ, ಕ್ರಿಕೆಟಿನಲ್ಲಾದರೆ ಪಿಚ್ಚಿನ ಮೇಲೆ ನಡೆದವರಿಗೆ ಮೊದಲು ವಾರ್ನಿಂಗ್ ಉಂಟು” ಎಂದ.

“ಇದು ಪಿಚ್ಚಲ್ಲ ಬಶೀರಾಕ, ದಾರಿ” ಎಂದಳು ಇಮೆಲ್ಡಾ. “ಮುದುಕರು ಗೋಲಿ ಆಡಲಿಕ್ಕೆ ದೇವರ ದಾರಿ ಮುಚ್ಚಿದ್ದಾರೆ.”

“ಗೋಲಿಯಾ? ಒಂದು ಗುಂಡು ಸರಿಯಾಗಿ ಉರುಳಿಸಿ ತೋರಿಸು ನೋಡುವ. ಶಿರ್ವದ ಗುಡ್ಡೆಯಿಂದ ಇಳಿದವಳು ನನಗೆ ಆಟ ಹೇಳುತ್ತಾಳೆ.”

ಗುರ್ಕಾರ ಸ್ಟ್ಯಾನಿಸ್ಲಾಸ್ ಇಬ್ಬರ ನಡುವೆ ಬಂದು ನಿಂತ. ವಾರ್ಡಿನ ಜಗಳಗಳನ್ನು ಪಾದ್ರಿಗಳವರೆಗೆ ಹೋಗದಂತೆ ತಡೆಯುವುದು ಅವನ ಕೆಲಸ. “ಎಂತ ಇದು? ಬೆಳಿಗ್ಗೆ ಇಬ್ಬರೂ ಪ್ರಸಾದ ತೆಗೆದುಕೊಂಡ ನಾಲಿಗೆ ಇದೇ ಅಲ್ವಾ? ಒಂದು ತೀರ್ಮಾನಕ್ಕೆ ಬನ್ನಿ.”

“ಬರುತ್ತೇನೆ ಗುರ್ಕಾರರೇ” ಎಂದಳು ವೆರೊನಿಕಾ. ಅವಳ ಮುಖದಲ್ಲಿ ಗೆಲ್ಲುವವರ ಸಮಾಧಾನವಿತ್ತು. “ಆಡಲಿ. ಒಂದೇ ಸುತ್ತು, ತಲೆಗೆ ನಾಲ್ಕು ಗುಂಡು. ಗೆದ್ದರೆ ನಾಳೆಯೇ ಹಲಗೆ ಕಿತ್ತು ದಾರಿ ಬಿಡುತ್ತೇನೆ. ಸೋತರೆ ಸಾಯುವವರೆಗೆ ಟಾರು ರಸ್ತೆ.”

ಎಡ್ವಿನ್ ಬೇಲಿಯಾಚೆಯಿಂದ, “ಬೇಡ ಇಮೆಲ್ಡಾ, ಬಾ” ಎಂದ. ಅವಳು ಚಪ್ಪಲಿ ಕಳಚಿ ಹಲಗೆಯ ಹೊರಗಿಟ್ಟಳು.

ವೆರೊನಿಕಾಳಿಗೆ ತಿಳಿಯದ್ದೊಂದಿತ್ತು. ಇಮೆಲ್ಡಾಳ ತವರಾದ ಶಿರ್ವದ ಗುಡ್ಡೆಯಲ್ಲಿ ಗೇರುಬೀಜದ ಕಾಲ ಬಂತೆಂದರೆ ಮಕ್ಕಳು ಬೀಜಗಳನ್ನು ಸಾಲಾಗಿಟ್ಟು ದೂರದಿಂದ ದೊಡ್ಡ ಬೀಜವೊಂದನ್ನು ಎಸೆದು ಉರುಳಿಸುವ ಆಟವಾಡುತ್ತಾರೆ. ಇಮೆಲ್ಡಾ ಲಂಗದ ಮಡಿಲು ತುಂಬ ಬೀಜ ಗೆದ್ದು ಮನೆಗೆ ಹೋಗುತ್ತಿದ್ದ ಹುಡುಗಿ. ಮಂಡಿ ಸವೆದಿತ್ತು, ಮಣಿಕಟ್ಟು ಸವೆದಿರಲಿಲ್ಲ.

ಆದರೂ ಮೊದಲ ಗುಂಡು ಕೈಯಲ್ಲಿ ಭಾರವೆನಿಸಿ ಎಲ್ಲೋ ಹೋಯಿತು. ಒಂದೆರಡು ನಗು ಕೇಳಿತು. ಎರಡನೆಯದು ಹಲಗೆಗೆ ಬಡಿದು ನಿಂತಿತು. ವೆರೊನಿಕಾ ಅವಸರವಿಲ್ಲದೆ, ಮಗುವಿನ ತಲೆ ಸವರಿದಂತೆ ಗುಂಡನ್ನು ಸವರಿ, ಬಾಗಿ ಬಿಡುತ್ತಿದ್ದಳು. ಅವಳ ಮೂರನೆಯ ಗುಂಡು ಉರುಳಿ ಉರುಳಿ ಮರಿಗುಂಡಿನ ಮಗ್ಗುಲಿಗೆ ಗೇಣು ದೂರದಲ್ಲಿ ಕೂತಿತು. “ಹೋ!” ಎಂದರು ಜನ. ಇಮೆಲ್ಡಾಳ ಮೂರನೆಯದು ಅದರ ಹಿಂದೆ ನಿಂತಿತು. ವೆರೊನಿಕಾ ನಾಲ್ಕನೆಯದನ್ನು ಬೇಕೆಂದೇ ಅಡ್ಡಕ್ಕೆ, ಕಾವಲುಗಾರನಂತೆ ಬಿಟ್ಟಳು.

“ಬಾಯಮ್ಮ, ಗೇಟು ಹಾಕಿಬಿಟ್ಟಿರಿ” ಎಂದ ಬಶೀರಾಕ.

“ಗೇಟು ಹಾಕುವುದು ಅವರಿಗೆ ಅಭ್ಯಾಸ” ಎಂದಳು ಇಮೆಲ್ಡಾ.

ಕೊನೆಯ ಗುಂಡನ್ನು ಎತ್ತಿ ಎದೆಗೆ ಒತ್ತಿಕೊಂಡಳು. ತರಚಿದ ಅಂಗೈಯ ರಕ್ತ ಅದಕ್ಕೆ ಅಂಟಿತು. ಮಾಂಯ್, ನಿಮ್ಮ ಬತ್ತಿಗಾಗಿ, ಎಂದು ಮನಸ್ಸಿನಲ್ಲೇ ಅಂದು ಬಾಗಿ ಬಿಟ್ಟಳು. ಗುಂಡು ಕಾವಲಿನ ಪಕ್ಕದಿಂದ ಹೋಯಿತು. ಮರಿಗುಂಡನ್ನೂ ದಾಟಿ ದೂರ ಹೋಗುತ್ತದೆ ಎಂದು ಎಲ್ಲರಿಗೂ ಕಂಡಿತು. ಆದರೆ ಆಗಷ್ಟೇ ಅವಳೇ ಮೆಟ್ಟಿದ್ದ ಚಪ್ಪಲಿಯ ಅಚ್ಚಿನಲ್ಲಿ ಒಮ್ಮೆ ತಡವರಿಸಿ, ವೇಗ ಕಳೆದುಕೊಂಡು, ಮರಿಗುಂಡಿನ ಆಚೆ ಮಗ್ಗುಲಿಗೆ, ಅದೇ ಗೇಣು ದೂರದಲ್ಲಿ ನಿಂತಿತು.

ಎರಡರಲ್ಲಿ ಯಾವುದು ಹತ್ತಿರ ಎಂದು ಕಣ್ಣಿಗೆ ತಿಳಿಯುವಂತಿರಲಿಲ್ಲ.

“ಅಳೆಯಬೇಕು” ಎಂದ ಗುರ್ಕಾರ. “ನಾನು ಅಳೆಯಲಾ?”

“ಬೇಡ” ಎಂದಳು ವೆರೊನಿಕಾ. “ನಮ್ಮ ಮೊಂತೆಲೂನೊದ ಕ್ರಮ ನಿಮಗೆಲ್ಲ ಗೊತ್ತುಂಟಲ್ಲ. ಅಂಗಳದವರು ಅಳೆಯಬಾರದು. ಎದುರಾಳಿಯಾಗಿ ಬಂದವರೇ ಅಳೆಯಬೇಕು. ಅವರು ಅಳೆಯುವಾಗ ಉಳಿದವರೆಲ್ಲ ಬೆನ್ನು ತಿರುಗಿಸಿ ನಿಲ್ಲಬೇಕು. ಅಳೆದವರು ಹೇಳಿದ್ದೇ ಕೊನೆ.”

ಕಿಸೆಯಿಂದ ಮೇಣ ಹಚ್ಚಿದ ನೂಲಿನ ಉಂಡೆ ತೆಗೆದು ಇಮೆಲ್ಡಾಳತ್ತ ಚಾಚಿದಳು. ಕೈ ಚಾಚಿದಳಷ್ಟೇ, ಕಣ್ಣು ಚಾಚಲಿಲ್ಲ. “ತೆಗೋ. ನಿನ್ನ ಮೇಲೆ ವಿಶ್ವಾಸ ಉಂಟೆಂದು ಕೊಡುವುದಲ್ಲ. ಕ್ರಮ ಕ್ರಮವೇ.”

ಒಬ್ಬೊಬ್ಬರಾಗಿ ಎಲ್ಲರೂ ಇಗರ್ಜಿಯ ಗೋಪುರದ ಕಡೆಗೆ ಮುಖ ಮಾಡಿ ನಿಂತರು. ಬೇಲಿಯಾಚೆ ಎಡ್ವಿನ್ ಕೂಡ ತಿರುಗಿದ. ಅಷ್ಟೂ ಜನರ ಬೆನ್ನುಗಳು ಗೋಡೆಯಂತಾದವು. ಆ ಗೋಡೆಯ ಹಿಂದೆ ಇಮೆಲ್ಡಾ ಒಬ್ಬಳೇ.

ನೋಯುವ ಮಂಡಿಯೂರಿದಳು. ಹೀಗೆ ಯಾರೂ ನೋಡದೆ ಮಂಡಿಯೂರುವುದು ಅವಳಿಗೆ ಹೊಸದಲ್ಲ. ಮಂಚದ ಪಕ್ಕ ಇದೇ ಮಂಡಿಯಲ್ಲಿ ಕೂತು ಬಿಸಿನೀರಿನ ಬಟ್ಟೆ ಹಿಂಡಿದ್ದಳು. ನೂಲಿನ ತುದಿಯನ್ನು ಮರಿಗುಂಡಿಗೆ ಒತ್ತಿ, ವೆರೊನಿಕಾಳ ಗುಂಡಿನವರೆಗೆ ಎಳೆದು, ಉಗುರಿನಲ್ಲಿ ಹಿಡಿದಳು. ಅದೇ ಉಗುರನ್ನು ಬಿಡದೆ ತನ್ನ ಗುಂಡಿನತ್ತ ತಿರುಗಿಸಿದಳು. ನೂಲು ಸ್ವಲ್ಪ ಮಿಕ್ಕಿತು. ನಂಬಿಕೆಯಾಗಲಿಲ್ಲ. ದ್ವೇಷ ಕಣ್ಣಿಗೆ ಏನು ಬೇಕಾದರೂ ತೋರಿಸಬಹುದು ಎಂದು ಅವಳಿಗೆ ಗೊತ್ತಿತ್ತು. ಮತ್ತೆ ಅಳೆದಳು, ಈ ಬಾರಿ ತನ್ನದರಿಂದ ಮೊದಲು. ಮತ್ತೂ ಅಳೆದಳು. ಪ್ರತಿ ಸಲವೂ ಕಿರುಬೆರಳಿನ ಅಗಲದಷ್ಟು ಅಂತರ ಅವಳ ಪರವಾಗಿ ಬಂತು.

ಸೋತಿದ್ದರೆ ಏನೆನ್ನುತ್ತಿದ್ದಳೋ ಅವಳಿಗೂ ಗೊತ್ತಿಲ್ಲ. ಆ ಪರೀಕ್ಷೆಗೆ ದೇವರು ಅವಳನ್ನು ಒಡ್ಡಲಿಲ್ಲ. ಶಿಲುಬೆಯ ಗುರುತು ಹಾಕಿಕೊಂಡು ಎದ್ದಳು.

“ನನ್ನದು ಹತ್ತಿರ.”

ಬೆನ್ನುಗಳು ತಿರುಗಿ ಮುಖಗಳಾದವು. ಸಂಘದ ಹೆಂಗಸೊಬ್ಬಳು ಸಣ್ಣಗೆ ಕೆಮ್ಮಿದಳು. ಬಶೀರಾಕ ಬಾಟಲಿಗಳನ್ನು ಕ್ರೇಟಿಗೆ ಜೋಡಿಸತೊಡಗಿದ. ಗುರ್ಕಾರ ತನ್ನ ಚಪ್ಪಲಿ ನೋಡಿದ. ಆಗ ಇಮೆಲ್ಡಾಳಿಗೆ ಎಲ್ಲ ತಿಳಿಯಿತು: ಅಳತೆ ಏನೇ ಇರಲಿ, ಅವಳು ಬೇರೇನಾದರೂ ಹೇಳಬಹುದೆಂದು ಯಾರೂ ಎಣಿಸಿರಲೇ ಇಲ್ಲ.

ವೆರೊನಿಕಾ ನಕ್ಕಳು. “ಆಯಿತು. ನೀನು ಹೇಳಿದ್ದೇ.”

“ಬಂದು ನೋಡಿ ಬಾಯಿ. ನೂಲು ಇಲ್ಲುಂಟು. ನೀವೇ ಅಳೆಯಿರಿ.”

“ಎರಡನೇ ಸಲ ಅಳೆಯುವ ಕ್ರಮ ಇಲ್ಲ.” ಎನ್ನುತ್ತಲೇ ವೆರೊನಿಕಾ ಬಂದು ಕಾಲಿನಿಂದ ಎರಡೂ ಗುಂಡುಗಳನ್ನು ಬದಿಗೆ ಸರಿಸಿಬಿಟ್ಟಳು. ಮರಿಗುಂಡು ಉರುಳಿ ಹಲಗೆ ಸೇರಿತು. “ನಾಳೆ ಹಲಗೆ ಕೀಳಿಸುತ್ತೇನೆ. ದಾರಿ ಬೇಕಿತ್ತು, ಸಿಕ್ಕಿತಲ್ಲ. ಹೇಗೆ ಸಿಕ್ಕಿತೆಂದು ದೇವರಿಗೂ ನಿನಗೂ ಗೊತ್ತು.”

ಇಮೆಲ್ಡಾ ನೂಲನ್ನು ಮತ್ತೆ ಉಂಡೆಗೆ ಸುತ್ತಿದಳು. ಕಿಟಕಿಯ ಮಾತು ನಾಲಿಗೆಯ ತುದಿಗೆ ಬಂತು. ನುಂಗಿದಳು. ಬೇರೆ ಮಾತು ಬಂತು, ಅದು ಮೆಲ್ಲಗೆ ಬಂತು, ಆದ್ದರಿಂದ ಎಲ್ಲರಿಗೂ ಕೇಳಿಸಿತು.

“ಹೌದು ಬಾಯಿ, ದೇವರಿಗೂ ನನಗೂ ಗೊತ್ತು. ನಿಮ್ಮ ಮೊಂತೆಲೂನೊದ ಕ್ರಮ ನನಗೆ ಈಗ ತಿಳಿಯಿತು. ಬೆನ್ನು ತಿರುಗಿಸಿ ನಿಂತವರು ಅಳತೆ ಕೇಳಬಾರದು. ಹಾಗಾದರೆ ನಿಮ್ಮ ತಾಯಿಯ ಕೋಣೆಯಲ್ಲಿ ಆದದ್ದನ್ನು ಅಂದು ಪೆಟ್ಟಿಗೆಯ ಎದುರು ಯಾವ ಕ್ರಮದಲ್ಲಿ ಕೇಳಿದಿರಿ? ಅಷ್ಟು ವರ್ಷ ಬೆನ್ನು ತಿರುಗಿಸಿ ನಿಂತದ್ದು ನೀವು. ಒಳಗೆ ಇದ್ದದ್ದು ನಾನು.”

ವೆರೊನಿಕಾಳ ನಗು ಮುಖದ ಮೇಲೆ ಹಾಗೇ ಉಳಿಯಿತು, ಬ್ಯಾನರಿನ ಮೇಲಿನ ಅಕ್ಷರದಂತೆ. “ಹೊರಗೆ ಹೋಗು” ಎಂದಳು. ಅಂದಿನ ಬತ್ತಿಗೆ ಇಮೆಲ್ಡಾ ಟಾರು ರಸ್ತೆಯನ್ನೇ ಹಿಡಿದಳು.

ಮರುದಿನ ಬೆಳಿಗ್ಗೆ ಹಾರೆಯ ಸದ್ದು ಕೇಳಿತು. ಆಳುಗಳನ್ನು ಕರೆದಿರಲಿಲ್ಲ. ವೆರೊನಿಕಾ ಒಬ್ಬಳೇ ಎರಡೂ ತುದಿಯ ಹಲಗೆಗಳನ್ನು ಕಿತ್ತು, ಬಲೆ ಸುತ್ತಿ ಬದಿಗಿಟ್ಟಳು. ಎಡ್ವಿನ್ ಸಹಾಯಕ್ಕೆ ಹೋದರೆ, “ನಿನ್ನ ಹೆಂಡತಿಯ ಹತ್ತಿರ ಅಳತೆ ಸರಿ ಉಂಟಾ ಕೇಳಿ ಬಾ” ಎಂದು ಅಟ್ಟಿದಳು.

ಮುಸ್ಸಂಜೆಗೆ ಇಮೆಲ್ಡಾ ಬತ್ತಿ, ಬೆಂಕಿಪೊಟ್ಟಣ ಹಿಡಿದು ಹೊರಟಳು. ಎಷ್ಟೋ ದಿನಗಳ ಮೇಲೆ ಆ ದಾರಿಯಲ್ಲೇ ಶಿಲುಬೆಯತ್ತ ನಡೆದಳು. ಗೆದ್ದ ದಾರಿಯಲ್ಲಿ ನಡೆಯುವ ಸಂತೋಷವನ್ನು ಹುಡುಕಿದಳು, ಸಿಗಲಿಲ್ಲ. ಊರು ಆಗಲೇ ಮಾತಾಡಿಕೊಳ್ಳುತ್ತಿತ್ತು. ಬೆಳಿಗ್ಗೆ ಬಶೀರಾಕನ ಅಂಗಡಿಗೆ ಅವಳು ಹೋದೊಡನೆ ಮಾತು ನಿಂತಿತ್ತು.

ಅಂಗಳದ ನಡುವೆ ವೆರೊನಿಕಾ ಬೆನ್ನು ಹಾಕಿ ಕಸ ಗುಡಿಸುತ್ತಿದ್ದಳು. ಇಮೆಲ್ಡಾ ಅವಳನ್ನು ದಾಟಿ ಹೋಗುವಷ್ಟರಲ್ಲಿ ಪೊರಕೆಯ ಸದ್ದಿನ ನಡುವೆ ಮಾತು ಬಂತು. ತಿರುಗದೆಯೇ ಕೇಳಿದ್ದಳು.

“ಹುಣ್ಣಾದದ್ದು ಯಾವ ಮಗ್ಗುಲಿಗೆ?”

ಇಮೆಲ್ಡಾ ನಿಂತಳು. ಹೊಡೆಯುವ ಹೊತ್ತು ಇದೇ ಆಗಿತ್ತು. ಮುದುಕಿ ಸರಳು ಹಿಡಿದು ತಿರುಗುತ್ತಿದ್ದದ್ದು, ಗೇಟಿನ ಕಡೆ ನೋಡುತ್ತ ಗಂಜಿ ತಣಿಯಲು ಬಿಡುತ್ತಿದ್ದದ್ದು, ಕೊನೆಗೆ ಕಣ್ಣು ಕಾಣದೆ ಹೋದಾಗಲೂ ಆ ಕಡೆಗೇ ಮುಖ ಮಾಡಿ, ‘ಬಂದಳಾ’ ಎನ್ನುತ್ತಿದ್ದದ್ದು. ಎಲ್ಲವನ್ನೂ ಹೇಳಬಹುದಿತ್ತು.

“ಎಡಕ್ಕೆ” ಎಂದಳು. ಅಷ್ಟೇ ಹೇಳಿದಳು.

ವೆರೊನಿಕಾ ಆ ಕೋಣೆಯಲ್ಲೇ ಹುಟ್ಟಿದವಳು. ಮಂಚ ಎಲ್ಲಿತ್ತು, ಕಿಟಕಿ ಎಲ್ಲಿತ್ತು, ಎಡಕ್ಕೆ ಮಲಗಿದರೆ ಏನು ಕಾಣುತ್ತದೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಪೊರಕೆ ನಿಂತಿತು.

ಇಮೆಲ್ಡಾ ಕಾಯಲಿಲ್ಲ. ಶಿಲುಬೆಯ ಬುಡಕ್ಕೆ ಹೋಗಿ ಮಂಡಿಯೂರಿದಳು. ಹೊಳೆಯ ಗಾಳಿಗೆ ಮೊದಲ ಕಡ್ಡಿ ಆರಿತು, ಎರಡನೆಯದೂ ಆರಿತು. ಅಂಗೈ ಅಡ್ಡ ಹಿಡಿದು ಮೂರನೆಯದನ್ನು ಗೀರಿ, ಬತ್ತಿ ಹೊತ್ತಿಕೊಳ್ಳುವವರೆಗೆ ಹಾಗೇ ಕೂತಳು. ಹಿಂದಿನಿಂದ ಪೊರಕೆಯ ಸದ್ದು ಮತ್ತೆ ಕೇಳಲಿಲ್ಲ, ಹೆಜ್ಜೆಯ ಸದ್ದೂ ಕೇಳಲಿಲ್ಲ. ಅವಳು ತಿರುಗಿ ನೋಡಲಿಲ್ಲ.